ಸಿಮೆಂಟ್ ಮೂಟೆ, ಕಾಕಾ ಮತ್ತು ನನ್ನ ಹಸಿರು ಸ್ಕ್ರೀನ್

ಕಳೆದ ತಿಂಗಳು ಅಮ್ಮ ಫೋನ್ ಮಾಡಿದ್ದಳು. ಊರಿನ ಮನೆ ಮೇಲೆ ಒಂದು ರೂಮು ಕಟ್ಟಿಸ್ತಿದ್ದೀವಿ. ಮೇಸ್ತ್ರಿ ಒಂದು ಕಂಪನಿ ಹೆಸರು ಹೇಳ್ತಾನೆ, ಪಕ್ಕದ ಮನೆಯವರು ಇನ್ನೊಂದು ಹೇಳ್ತಾರೆ, ಅಂಗಡಿಯವನು ಯಾವುದರಲ್ಲಿ ಲಾಭ ಜಾಸ್ತಿಯೋ ಅದನ್ನೇ ಹೇಳ್ತಾನೆ. "ನೀನು ಸಿಮೆಂಟ್ ಫ್ಯಾಕ್ಟರಿಲಿ ಕೆಲಸ ಮಾಡಿದೀಯಲ್ಲೋ, ಯಾವುದು ಒಳ್ಳೇದು ಅಂತ ನೀನೇ ಹೇಳು" ಅಂದಳು.

ನಾನು ಸಿಮೆಂಟ್ ಫ್ಯಾಕ್ಟರಿ ನೌಕರ ಅಲ್ಲ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ, ನಮ್ಮ ಬ್ಯಾಚಿನ ಮುಕ್ಕಾಲು ಪಾಲು ಹುಡುಗರ ಹಾಗೆ ಸಾಫ್ಟ್‌ವೇರ್‌ಗೆ ಬಂದವನು. ಆದರೆ ಮೂರು ವರ್ಷದ ಹಿಂದೆ ನಮ್ಮ ಕಂಪನಿ ನನ್ನನ್ನು ಕಲಬುರಗಿ ಜಿಲ್ಲೆಯ ಒಂದು ಸಿಮೆಂಟ್ ಕಾರ್ಖಾನೆಗೆ ಕಳಿಸಿತ್ತು. ಎರಡು ತಿಂಗಳಿಗೆ ಅಂತ ಹೋದವನು ಏಳು ತಿಂಗಳಿದ್ದೆ. ಅಮ್ಮನಿಗೆ ಆವತ್ತು ಎರಡು ಮಾತಲ್ಲಿ ಉತ್ತರ ಹೇಳಿ ಫೋನ್ ಇಟ್ಟೆ. ಪೂರ್ತಿ ಉತ್ತರ ಇಲ್ಲಿ ಬರೀತಿದ್ದೀನಿ. ಅದರಲ್ಲಿ ನನ್ನದೇ ಒಂದು ತಪ್ಪೂ ಇದೆ.

ಸುಣ್ಣಕಲ್ಲಿನ ಸೀಮೆ

ವಾಡಿ ಜಂಕ್ಷನ್‌ನಲ್ಲಿ ರೈಲು ಇಳಿದಾಗ ಮೊದಲು ಎದುರಾದದ್ದು ಏಪ್ರಿಲ್ ಬಿಸಿಲು. ನೆಲ, ಮನೆ ಗೋಡೆ, ಹೊಲದ ಬದು, ಎಲ್ಲ ಕಡೆ ಚಪ್ಪಟೆ ಬೂದು ಕಲ್ಲು. ನಮ್ಮ ಅಜ್ಜಿ ಮನೆಯ ಹಜಾರಕ್ಕೆ ಹಾಸಿದ್ದ ಶಹಾಬಾದ್ ಕಲ್ಲು ಬಂದಿದ್ದು ಈ ಸೀಮೆಯಿಂದಲೇ. ಅದೂ ಸುಣ್ಣಕಲ್ಲೇ. ವಾಡಿ, ಶಹಾಬಾದ್, ಚಿತ್ತಾಪುರ, ಸೇಡಂ, ಮಳಖೇಡ ಸುತ್ತ ಇಷ್ಟೊಂದು ಸಿಮೆಂಟ್ ಕಾರ್ಖಾನೆಗಳು ಎದ್ದು ನಿಂತಿರೋದಕ್ಕೆ ಕಾರಣ ಭೂಮಿಯೊಳಗಿನ ಈ ಕಲ್ಲು.

ನನ್ನ ತಲೆಯಲ್ಲಿ ಸಿಮೆಂಟ್ ಅಂದ್ರೆ ಕಲ್ಲನ್ನು ಪುಡಿ ಮಾಡಿ ಚೀಲಕ್ಕೆ ತುಂಬೋದು, ಅಷ್ಟೇ. ಮೊದಲ ದಿನವೇ ಲ್ಯಾಬಿನ ಹಿರಿಯ ಕೆಮಿಸ್ಟ್ ಅದನ್ನು ಬಿಡಿಸಿದರು. "ಇದು ಅಡುಗೆ ರೀ, ಅಡುಗೆ. ನಾಲ್ಕೇ ಸಾಮಾನು. ಹದ ತಪ್ಪಿತು ಅಂದ್ರ ಮುಗೀತು."

ಆ ನಾಲ್ಕು ಸಾಮಾನು ಯಾವುವು ಅಂದರೆ ಕ್ಯಾಲ್ಸಿಯಂ, ಸಿಲಿಕಾನ್, ಅಲ್ಯೂಮಿನಿಯಂ ಮತ್ತು ಕಬ್ಬಿಣದ ಆಕ್ಸೈಡುಗಳು. ಸುಣ್ಣಕಲ್ಲಿನಿಂದ ಮೊದಲನೆಯದು ಬರುತ್ತೆ. ಉಳಿದವಕ್ಕೆ ಜೇಡಿಮಣ್ಣು, ಕೆಮ್ಮಣ್ಣು ಅಥವಾ ಕಬ್ಬಿಣದ ಅದಿರು. ಎಲ್ಲವನ್ನೂ ಹದವಾಗಿ ಸೇರಿಸಿ, ಹಿಟ್ಟಿನ ಹಾಗೆ ಅರೆದು, ಉದ್ದನೆಯ ತಿರುಗುವ ಗೂಡಿನಲ್ಲಿ ಸುಮಾರು 1450 ಡಿಗ್ರಿ ಸೆಲ್ಸಿಯಸ್‌ಗೆ ಸುಡ್ತಾರೆ. ಗೂಡಿಗೆ ಅಲ್ಲಿ ಕಿಲ್ನ್ ಅಂತಲೇ ಹೆಸರು. ಹೊರಗೆ ಬರೋದು ಕ್ಲಿಂಕರ್, ಅಂದರೆ ಕಪ್ಪು-ಬೂದು ಬಣ್ಣದ ಗಟ್ಟಿ ಉಂಡೆಗಳು. ಒಂದು ಟನ್ ಕ್ಲಿಂಕರ್‌ಗೆ ಸುಮಾರು ಒಂದೂವರೆ ಟನ್ ಕಚ್ಚಾ ಹಿಟ್ಟು ಬೇಕು. ಕ್ಲಿಂಕರ್‌ಗೆ ಸ್ವಲ್ಪ ಜಿಪ್ಸಂ ಸೇರಿಸಿ ಮತ್ತೆ ನುಣ್ಣಗೆ ಅರೆದರೆ ಸಿಮೆಂಟ್.

ಹದ ಅಂದರೆ ಏನು? ಒಂದು ಲೋಟ ನಿಂಬೆ ಪಾನಕಕ್ಕೆ ಸಕ್ಕರೆ ಹಾಕ್ತಾ ಹೋಗಿ. ಒಂದು ಹಂತದವರೆಗೆ ಕರಗುತ್ತೆ, ಆಮೇಲೆ ಹಾಕಿದ್ದು ತಳದಲ್ಲಿ ಹಾಗೇ ಕೂರುತ್ತೆ. ಕಿಲ್ನ್ ಒಳಗೂ ಹೀಗೆಯೇ. ಸಿಲಿಕಾ, ಅಲ್ಯೂಮಿನಾ ಮತ್ತು ಕಬ್ಬಿಣ ಎಷ್ಟು ಸುಣ್ಣವನ್ನು ಹಿಡಿದಿಟ್ಟುಕೊಳ್ಳಬಹುದು ಅನ್ನೋದಕ್ಕೆ ಒಂದು ಲೆಕ್ಕ ಇದೆ. ಲೈಮ್ ಸ್ಯಾಚುರೇಶನ್ ಫ್ಯಾಕ್ಟರ್, ಎಲ್ಲರ ಬಾಯಲ್ಲಿ ಎಲ್‌ಎಸ್‌ಎಫ್. ಸಾಮಾನ್ಯವಾಗಿ ಇದು 92ರಿಂದ 98ರ ನಡುವೆ ಇರಬೇಕು. ಕಡಿಮೆಯಾದರೆ ಸಿಮೆಂಟಿಗೆ ಬೇಗ ಬಲ ಬರಲ್ಲ. ಜಾಸ್ತಿಯಾದರೆ ಯಾವುದಕ್ಕೂ ಅಂಟದ ಸುಣ್ಣ ಕ್ಲಿಂಕರ್‌ನಲ್ಲಿ ಉಳಿದುಬಿಡುತ್ತೆ. ಅದೇ ಫ್ರೀ ಲೈಮ್.

ಈ ಫ್ರೀ ಲೈಮ್ ಒಳಗಿನ ಕಳ್ಳ. ಅಷ್ಟು ಬಿಸಿಯಲ್ಲಿ ಬೆಂದ ಸುಣ್ಣ ನೀರಿನ ಜೊತೆ ತುಂಬಾ ನಿಧಾನಕ್ಕೆ ಸೇರುತ್ತೆ. ಸಿಮೆಂಟ್ ಗಟ್ಟಿಯಾದ ಮೇಲೆ ಅದು ಉಬ್ಬೋಕೆ ಶುರುಮಾಡುತ್ತೆ. ಗಟ್ಟಿಯಾದ ಗೋಡೆಯೊಳಗೆ ಏನಾದರೂ ಉಬ್ಬಿದರೆ ಬಿರುಕು ಬಿಡದೆ ಇನ್ನೇನಾಗುತ್ತೆ? ಅದಕ್ಕೇ ಕ್ಲಿಂಕರ್‌ನಲ್ಲಿ ಫ್ರೀ ಲೈಮ್ ಒಂದರಿಂದ ಒಂದೂವರೆ ಪರ್ಸೆಂಟ್ ಆಸುಪಾಸಿನಲ್ಲಿ ಇರಲಿ ಅಂತ ಒದ್ದಾಡ್ತಾರೆ. ಸಿಮೆಂಟಿಗೆ ಲೆ ಷಾಟೆಲಿಯೆ ಪರೀಕ್ಷೆ ಅಂತ ಇದೆ. ಸೀಳಿರುವ ಪುಟ್ಟ ಹಿತ್ತಾಳೆ ಅಚ್ಚಿಗೆ ಸಿಮೆಂಟ್ ಕಲಸಿ ತುಂಬಿ, ನೀರಲ್ಲಿ ಕುದಿಸಿ, ಅಚ್ಚಿನ ಎರಡು ಮುಳ್ಳು ಎಷ್ಟು ದೂರ ಸರಿದವು ಅಂತ ಅಳೀತಾರೆ. 10 ಮಿಲಿಮೀಟರ್ ದಾಟಬಾರದು.

28 ದಿನ ಕಾಯೋಕೆ ಆಗುತ್ತಾ?

ನನಗೆ ಅತಿ ಹೆಚ್ಚು ಆಶ್ಚರ್ಯ ಆಗಿದ್ದು ಕಾಯುವ ವಿಷಯ. ಸಿಮೆಂಟಿನ ನಿಜವಾದ ಪರೀಕ್ಷೆ ಅದರ ಬಲ. ಒಂದು ಪಾಲು ಸಿಮೆಂಟ್, ಮೂರು ಪಾಲು ಎಣ್ಣೂರಿನ ಸ್ಟ್ಯಾಂಡರ್ಡ್ ಮರಳು ಕಲಸಿ, ಸುಮಾರು 7 ಸೆಂಟಿಮೀಟರ್ ಬದಿಯ ಕ್ಯೂಬ್ ಮಾಡ್ತಾರೆ. ಅದನ್ನು 3, 7 ಮತ್ತು 28 ದಿನಕ್ಕೆ ಒತ್ತಿ ಒಡೀತಾರೆ. 53 ಗ್ರೇಡ್ ಅಂತ ಮೂಟೆ ಮೇಲೆ ಇರುತ್ತಲ್ಲ, ಆ 53 ಅಂದರೆ 28ನೇ ದಿನ ಚದರ ಮಿಲಿಮೀಟರ್‌ಗೆ ಕನಿಷ್ಠ 53 ನ್ಯೂಟನ್ ಒತ್ತಡ ತಡೆಯಬೇಕು ಅಂತ.

28ನೇ ದಿನ! ಅಷ್ಟು ಹೊತ್ತಿಗೆ ಆ ಸಿಮೆಂಟ್ ಅಂಗಡಿ ದಾಟಿ ಯಾರದೋ ಮನೆಯ ಪಿಲ್ಲರ್ ಆಗಿರುತ್ತೆ. ನಮ್ಮ ಸಾಫ್ಟ್‌ವೇರ್‌ನಲ್ಲಿ ಬಗ್ ಬಂದರೆ ಪ್ಯಾಚ್ ಕಳಿಸ್ತೀವಿ. ಪಿಲ್ಲರ್‌ಗೆ ಪ್ಯಾಚ್ ಕಳಿಸೋಕಾಗಲ್ಲ.

ಹಾಗಾಗಿ ಗುಣಮಟ್ಟ ಹಿಡಿಯೋ ಕೆಲಸ ಕೊನೆಯಲ್ಲಿ ಅಲ್ಲ, ಮೊದಲಲ್ಲೇ ಆಗಬೇಕು. ಕಲ್ಲು ಇನ್ನೂ ಬೆಲ್ಟ್ ಮೇಲೆ ಇರುವಾಗಲೇ. ಹಳೇ ಪದ್ಧತಿಯಲ್ಲಿ ಗಂಟೆಗೊಂದು ಸಲ ಮಿಲ್ಲಿನಿಂದ ಹಿಟ್ಟಿನ ಸ್ಯಾಂಪಲ್ ತರ್ತಾರೆ. ಇನ್ನೂ ನುಣ್ಣಗೆ ಅರೆದು, ಬಿಲ್ಲೆಯ ಹಾಗೆ ಒತ್ತಿ, ಎಕ್ಸ್‌ರೇ ಯಂತ್ರದೊಳಗೆ ಇಡ್ತಾರೆ. ಎಕ್ಸ್‌ರೇ ಬಿದ್ದಾಗ ಒಂದೊಂದು ಧಾತುವೂ ತನ್ನದೇ ಗುರುತಿನ ಕಿರಣ ಹೊರಡಿಸುತ್ತೆ, ಅದರಿಂದ ಯಾವುದು ಎಷ್ಟಿದೆ ಅಂತ ತಿಳಿಯುತ್ತೆ. ಫಲಿತಾಂಶ ಪಕ್ಕಾ. ಆದರೆ ಅದು ಹೇಳೋದು ಆಗಿಹೋದ ಗಂಟೆಯ ಕತೆ. ಅಷ್ಟರಲ್ಲಿ ಗಂಟೆಗೆ ನೂರಾರು ಟನ್ ಲೆಕ್ಕದಲ್ಲಿ ಹಿಟ್ಟು ಸೈಲೋ ಸೇರಿರುತ್ತೆ. ಹಿಂಬದಿ ಕನ್ನಡಿ ನೋಡ್ಕೊಂಡು ಕಾರು ಓಡಿಸಿದ ಹಾಗೆ.

ಇದಕ್ಕೆ ಉತ್ತರವಾಗಿ ಬಂದಿದ್ದು ಬೆಲ್ಟ್ ಅನಲೈಸರ್. ಮಿಲ್ಲಿಗೆ ಹೋಗುವ ಕನ್ವೇಯರ್ ಬೆಲ್ಟ್ ಒಂದು ದಪ್ಪ ಪೆಟ್ಟಿಗೆಯೊಳಗೆ ಹಾದು ಹೋಗುತ್ತೆ. ಪೆಟ್ಟಿಗೆಯಲ್ಲಿ ನ್ಯೂಟ್ರಾನ್ ಹೊರಡಿಸುವ ಮೂಲ ಇರುತ್ತೆ. ಹೆಚ್ಚಾಗಿ ಅದು ಕ್ಯಾಲಿಫೋರ್ನಿಯಂ-252. ಕೆಲವು ಕಡೆ ಸ್ವಿಚ್ ಒತ್ತಿದರೆ ಆಫ್ ಆಗುವ ನ್ಯೂಟ್ರಾನ್ ಜನರೇಟರ್ ಇರುತ್ತೆ. ಕಲ್ಲಿನ ಪರಮಾಣುಗಳು ನ್ಯೂಟ್ರಾನ್ ನುಂಗಿದ ಕ್ಷಣವೇ ಗಾಮಾ ಕಿರಣ ಬಿಡುತ್ತವೆ. ಕ್ಯಾಲ್ಸಿಯಂನದ್ದು ಒಂದು ಶಕ್ತಿ, ಸಿಲಿಕಾನ್‌ನದ್ದು ಇನ್ನೊಂದು. ಅದನ್ನು ಎಣಿಸಿ ನಿಮಿಷ ನಿಮಿಷಕ್ಕೂ ಲೆಕ್ಕ ಕೊಡುತ್ತೆ. ಎಕ್ಸ್‌ರೇ ಕಲ್ಲಿನ ಮೇಲ್ಮೈಯನ್ನಷ್ಟೇ ನೋಡಿದರೆ, ನ್ಯೂಟ್ರಾನ್ ಮತ್ತು ಗಾಮಾ ಬೆಲ್ಟ್ ಮೇಲಿನ ಇಡೀ ರಾಶಿಯನ್ನು ತೂರಿ ಹೋಗುತ್ತವೆ. ಕಲ್ಲನ್ನು ಮುಟ್ಟೋದೂ ಬೇಡ, ನಿಲ್ಲಿಸೋದೂ ಬೇಡ.

"ಹಾಗಾದ್ರೆ ಆ ಸಿಮೆಂಟ್ ರೇಡಿಯೋಆಕ್ಟಿವ್ ಅಲ್ವಾ?" ಅಂತ ಗೆಳೆಯರು ಕೇಳ್ತಾರೆ. ಇಲ್ಲ. ಆ ಗಾಮಾ ಕ್ಷಣದಲ್ಲೇ ಹೊರಟು ಮುಗಿಯುತ್ತೆ, ಕಲ್ಲಿನಲ್ಲಿ ಲೆಕ್ಕಕ್ಕೆ ಸಿಗುವಂಥದ್ದು ಏನೂ ಉಳಿಯಲ್ಲ. ಎಚ್ಚರ ಬೇಕಾಗಿರೋದು ಪೆಟ್ಟಿಗೆಯೊಳಗಿನ ಮೂಲಕ್ಕೆ. ಅದಕ್ಕೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ ಬೇಕು, ಬೇಲಿ ಬೇಕು, ಬೋರ್ಡ್ ಬೇಕು.

ಇದೆಲ್ಲ ಗುಣಮಟ್ಟಕ್ಕೆ ಮಾತ್ರ ಅಲ್ಲ. ಹದ ಏರುಪೇರಾಗುತ್ತೆ ಅಂತ ಗೊತ್ತಿದ್ದಾಗ ಕಿಲ್ನ್ ನಡೆಸೋರು ಭಯಕ್ಕೆ ಜಾಸ್ತಿ ಸುಡ್ತಾರೆ. ಜಾಸ್ತಿ ಕಲ್ಲಿದ್ದಲು, ಜಾಸ್ತಿ ಹೊಗೆ. 100 ಕೆಜಿ ಶುದ್ಧ ಸುಣ್ಣಕಲ್ಲು ಸುಟ್ಟರೆ 44 ಕೆಜಿ ಕಾರ್ಬನ್ ಡೈಆಕ್ಸೈಡ್ ಕಲ್ಲಿನಿಂದಲೇ ಹೋಗುತ್ತೆ, ಅದನ್ನು ತಪ್ಪಿಸೋಕಾಗಲ್ಲ. ಭಯಕ್ಕೆ ಸುಡುವ ಕಲ್ಲಿದ್ದಲನ್ನು ತಪ್ಪಿಸಬಹುದು.

ನನ್ನ ಕೆಲಸ ಮತ್ತು ಕಾಕಾ

ನನ್ನ ಕೆಲಸ ಅನಲೈಸರ್ ಕೊಡುವ ನಂಬರ್ ನೋಡಿ ಸುಣ್ಣಕಲ್ಲು, ಜೇಡಿಮಣ್ಣು, ಅದಿರು ಎಷ್ಟೆಷ್ಟು ಬೀಳಬೇಕು ಅಂತ ತಾನಾಗಿಯೇ ನಿರ್ಧರಿಸುವ ಸಾಫ್ಟ್‌ವೇರ್ ಕೂರಿಸೋದು. ಎಲ್‌ಎಸ್‌ಎಫ್ 96 ಬೇಕು. ಜಾಸ್ತಿಯಾದರೆ ಮಣ್ಣು ಹೆಚ್ಚಿಸು, ಕಡಿಮೆಯಾದರೆ ಇಳಿಸು. 96ರ ಹತ್ತಿರ ಇದ್ದರೆ ಸ್ಕ್ರೀನ್ ಹಸಿರು, ದೂರ ಹೋದರೆ ಕೆಂಪು.

ಆದರೆ ಅನಲೈಸರ್ ಕೂಡ ಯಂತ್ರವೇ. ದಿನ ಕಳೆದಂತೆ ಅದರ ಅಳತೆ ಸ್ವಲ್ಪ ಆಚೀಚೆ ಸರಿಯುತ್ತೆ. ಕ್ಯಾಲಿಫೋರ್ನಿಯಂ ಸುಮಾರು ಎರಡೂವರೆ ವರ್ಷಕ್ಕೆ ಅರ್ಧ ಆಗೋ ವಸ್ತು. ಹಾಗಾಗಿ ಲ್ಯಾಬಿನ ಫಲಿತಾಂಶ ಬಂದಾಗಲೆಲ್ಲ ಅದನ್ನು ಅನಲೈಸರ್ ಜೊತೆ ಹೋಲಿಸಿ, ವ್ಯತ್ಯಾಸ ಇದ್ದರೆ ಸರಿಪಡಿಸಿಕೊಳ್ಳುವ ಒಂದು ತುಂಡು ಕೋಡ್ ಬರೆದಿದ್ದೆ. ಮನೆ ಗಡಿಯಾರವನ್ನು ಆಗಾಗ ರೇಡಿಯೋ ಸಮಯಕ್ಕೆ ಹೊಂದಿಸಿಕೊಂಡ ಹಾಗೆ. ಮೂವತ್ತು ಸಾಲೂ ಇರಲಿಲ್ಲ.

ಗಂಟೆಗೊಂದು ಸ್ಯಾಂಪಲ್ ತರುವ ಹಿರಿಯರನ್ನು ಎಲ್ಲರೂ ಕಾಕಾ ಅಂತ ಕರೀತಿದ್ದರು. ಐವತ್ತೆಂಟು ವರ್ಷ, ಗುತ್ತಿಗೆ ಕೆಲಸ, ಹತ್ತನೇ ಕ್ಲಾಸ್ ಓದು. ಕೈಯಲ್ಲಿ ಸ್ಟೀಲ್ ಡಬ್ಬಿ, ಕಂಕುಳಲ್ಲಿ ಉದ್ದನೆಯ ರಿಜಿಸ್ಟರ್. ಸ್ಯಾಂಪಲ್ ತೆಗೆದ ತಕ್ಷಣ ಅಲ್ಲೇ ನಿಂತು ಟೈಮ್ ಬರೀತಿದ್ದರು. ಪಕ್ಕದಲ್ಲಿ ಏನಾದರೂ ವಿಶೇಷ ಕಂಡರೆ ಅದನ್ನೂ ಸೇರಿಸ್ತಿದ್ದರು.

ಒಂದ್ಸಲ ಕೇಳಿದ್ದೆ, "ಕಾಕಾ, ಕಂಪ್ಯೂಟರ್‌ಗೆ ಹೇಗೂ ಹಾಕ್ತಾರಲ್ಲ, ಮತ್ತೆ ಇದ್ಯಾಕೆ ಬರೀತೀರಿ?"

"ರೂಢಿ ಅದರಿ ಸರ" ಅಂದಿದ್ದರು. "ನೀವ್ ಬಂದ್ರಿ ಅಂದ್ರ ಇದೂ ಬಂದ್ ಆಗ್ತದ ಅಂತ ಹೇಳ್ಲತ್ತಾರ. ಖರೇ ಏನ್ರಿ?"

ನಾನು ಏನೋ ಹಾರಿಕೆಯ ಉತ್ತರ ಕೊಟ್ಟೆ. ನಮ್ಮ ಕಂಪನಿ ಕೊಟ್ಟಿದ್ದ ಪ್ರೆಸೆಂಟೇಶನ್‌ನಲ್ಲಿ 'ಮಾನವಶಕ್ತಿ ಉಳಿತಾಯ' ಅಂತ ಒಂದು ಸ್ಲೈಡ್ ಇತ್ತು. ಅದನ್ನು ಮಾಡಿದವರಲ್ಲಿ ನಾನೂ ಒಬ್ಬ.

ಆ ರಾತ್ರಿ

ಮೇ ತಿಂಗಳ ಕೊನೆ. ಮಧ್ಯಾಹ್ನ ಅಡ್ಡಮಳೆ ಬಂದು ಜೇಡಿಮಣ್ಣಿನ ರಾಶಿ ನೆನೆದಿತ್ತು. ಸಾಫ್ಟ್‌ವೇರ್ ಪೂರ್ತಿ ಆಟೋಗೆ ಬಂದು ಹತ್ತು ದಿನ ಆಗಿತ್ತು. ಎಲ್ಲ ಚೆನ್ನಾಗಿ ನಡೀತಿತ್ತು, ನಾನು ಗಾಳಿಯಲ್ಲಿ ತೇಲ್ತಿದ್ದೆ. ಆಪರೇಟರ್‌ಗೆ ಕಟ್ಟುನಿಟ್ಟಾಗಿ ಹೇಳಿದ್ದೆ, "ಏನೇ ಆದರೂ ಆಟೋ ತೆಗೀಬೇಡಿ."

ಸಂಜೆ ಏಳರ ಹೊತ್ತಿಗೆ ಒದ್ದೆ ಮಣ್ಣು ಹಾಪರ್‌ನಲ್ಲಿ ಅಂಟಿಕೊಂಡು ಅರ್ಧಂಬರ್ಧ ಜಾಮ್ ಆಯ್ತು. ಮಣ್ಣು ಸರಿಯಾಗಿ ಬೀಳ್ತಿಲ್ಲ, ಎಲ್‌ಎಸ್‌ಎಫ್ 101ಕ್ಕೆ ಏರಿತು. ಹುಡುಗರು ರಾಡ್ ಹಿಡಿದು ತಿವಿದು ತಿವಿದು ಮುಕ್ಕಾಲು ಗಂಟೆಯಲ್ಲಿ ಬಿಡಿಸಿದರು. ಸ್ಕ್ರೀನ್ ಮತ್ತೆ 96ಕ್ಕೆ ಬಂತು, ಹಸಿರಾಯ್ತು. ನಾನು ಚಹಾ ಕುಡಿಯೋಕೆ ಹೋದೆ.

ಎಂಟೂವರೆಗೆ ಲ್ಯಾಬಿನಿಂದ ಫೋನ್ ಬಂತು. ಎಂಟು ಗಂಟೆ ಸ್ಯಾಂಪಲ್ 100 ಬಂದಿದೆ. "ಜಾಮ್ ಆದಾಗಿನ ಮಾಲು ಸರ್ ಅದು" ಅಂದೆ. ಅದು ನಿಜವೂ ಆಗಿತ್ತು. ಒಂಬತ್ತೂವರೆಗೆ ಕಾಕಾ ಒಂದು ಚೀಟಿ ಹಿಡಿದು ಕಂಟ್ರೋಲ್ ರೂಮಿಗೆ ಬಂದರು.

"ಸರ, ಒಂಬತ್ತರದ್ದು 99 ಬಂದದ ಅಂತ ಹೇಳ್ಯಾರ. ಜಾಮ್ ಬಿಟ್ಟು ಒಂದೂವರಿ ತಾಸ್ ಆಯ್ತರಿ."

ನಾನು ಸ್ಕ್ರೀನ್ ತೋರಿಸಿದೆ. "ನೋಡಿ ಕಾಕಾ, 96. ನಿಮಿಷಕ್ಕೊಂದು ಸಲ ಇಡೀ ಬೆಲ್ಟ್ ಅಳೀತಿದೆ. ನಿಮ್ಮದು ಒಂದು ಡಬ್ಬಿ ಹಿಟ್ಟು."

ಅವರು ಸ್ಕ್ರೀನ್ ನೋಡಿದರು, ಚೀಟಿ ನೋಡಿದರು, ಚೀಟಿಯನ್ನು ಮೇಜಿನ ಮೇಲಿಟ್ಟು ಹೋದರು. ಹತ್ತಕ್ಕೆ ನಾನು ಗೆಸ್ಟ್ ಹೌಸ್‌ಗೆ ಹೋಗಿ ಮಲಗಿದೆ.

ರಾತ್ರಿ ಒಂದು ಹತ್ತಕ್ಕೆ ಸ್ಕ್ರೀನ್ ಇದ್ದಕ್ಕಿದ್ದಂತೆ 99 ತೋರಿಸಿ ಕೆಂಪಾಯಿತಂತೆ. ಅಂದರೆ ಸುಮಾರು ಐದು ಗಂಟೆ ಕಾಲ ಹಸಿರು ಸ್ಕ್ರೀನ್ ಸುಳ್ಳು ಹೇಳಿತ್ತು, ಕಾಕಾನ ಡಬ್ಬಿ ನಿಜ ಹೇಳಿತ್ತು. ಆವತ್ತು ಸೈಲೋದಲ್ಲಿ ಹಿಟ್ಟಿನ ಮಟ್ಟವೂ ಕಡಿಮೆ ಇತ್ತು. ತುಂಬಿದ ಸೈಲೋ ಇಂಥ ಏರುಪೇರನ್ನು ಬೆರೆಸಿ ಸಪಾಟು ಮಾಡುತ್ತೆ, ಅರೆಖಾಲಿ ಸೈಲೋ ಮಾಡಲ್ಲ. ಮರುದಿನ ಕಿಲ್ನ್‌ನವರು ಎಷ್ಟು ಬೆಂಕಿ ಏರಿಸಿದರೂ ಕ್ಲಿಂಕರ್‌ನ ಫ್ರೀ ಲೈಮ್ 3 ಪರ್ಸೆಂಟ್ ದಾಟಿತು.

ಒಂದು ಸಮಾಧಾನದ ಮಾತು: ಅದರಲ್ಲಿ ಒಂದು ಮೂಟೆಯೂ ನೇರವಾಗಿ ಹೊರಗೆ ಹೋಗಲಿಲ್ಲ. ಲ್ಯಾಬ್ ಹಿಡಿಯಿತು. ಆ ಕ್ಲಿಂಕರನ್ನು ಬೇರೆ ಕಡೆ ತೆಗೆದಿಟ್ಟು, ಆಮೇಲೆ ವಾರಗಟ್ಟಲೆ ಒಳ್ಳೇ ಕ್ಲಿಂಕರ್ ಜೊತೆ ಸ್ವಲ್ಪ ಸ್ವಲ್ಪವೇ ಬೆರೆಸಿ, ಪ್ರತಿ ಸಲ ಪರೀಕ್ಷೆ ಮಾಡಿ ಬಳಸಿದರು. ಕಲ್ಲಿದ್ದಲು ವ್ಯರ್ಥ, ಜನರ ಶ್ರಮ ವ್ಯರ್ಥ.

ನಾನು ಕಳಿಸಿದ ಮೊದಲ ಮೇಲ್

ಬೆಳಿಗ್ಗೆಯಿಂದ ಬೆಂಗಳೂರಿನ ಫೋನ್ ಮೇಲೆ ಫೋನ್. ಕಾರಣ ಬೇಕು, ಈಗಲೇ ಬೇಕು. ಲಾಗ್ ತೆಗೆದು ನೋಡಿದೆ. ರಾತ್ರಿ 8ರಿಂದ 12ರವರೆಗಿನ ಐದು ಫಲಿತಾಂಶಗಳೂ ಒಟ್ಟಿಗೆ 1.10ಕ್ಕೆ ಎಂಟ್ರಿ ಆಗಿದ್ದವು. ಸಿಕ್ಕಿತಲ್ಲ ಕಾರಣ! 'ಲ್ಯಾಬ್ ಫಲಿತಾಂಶಗಳನ್ನು ತಡವಾಗಿ ಎಂಟ್ರಿ ಮಾಡಿದ್ದರಿಂದ ಸಾಫ್ಟ್‌ವೇರ್‌ಗೆ ಸರಿಪಡಿಸಿಕೊಳ್ಳಲು ಸಾಧ್ಯವಾಗಲಿಲ್ಲ' ಅಂತ ಮೇಲ್ ಕಳಿಸಿದೆ. ಅದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಅದೇ ದೊಡ್ಡ ಸಮಸ್ಯೆ.

ಸಂಜೆ ಹೊತ್ತಿಗೆ ಆ ರಾತ್ರಿ ಡ್ಯೂಟಿಯಲ್ಲಿದ್ದ ಕೆಮಿಸ್ಟ್‌ಗೆ ನೋಟಿಸ್ ಹೋಯ್ತು. ಆಮೇಲೆ ತಿಳಿದ ವಿಷಯ: ರಾತ್ರಿ ಶಿಫ್ಟಿಗೆ ಬರಬೇಕಾದವರು ಬಂದಿರಲಿಲ್ಲ. ಅವರು ಒಬ್ಬರೇ ಎರಡು ಶಿಫ್ಟ್ ಎಳೆದಿದ್ದರು. ಸ್ಯಾಂಪಲ್ ಒಂದನ್ನೂ ತಪ್ಪಿಸಿರಲಿಲ್ಲ. ಫಲಿತಾಂಶವನ್ನು ಚೀಟಿ ಬರೆದು, ಫೋನ್ ಮಾಡಿ ತಿಳಿಸಿದ್ದರು. ಟೈಪ್ ಮಾಡೋದು ಮಾತ್ರ ಬಾಕಿ ಉಳಿದಿತ್ತು.

ಮರುದಿನ ಕಾಕಾ ಬಂದರು. ಕೋಪ ಇಲ್ಲ, ಗದರಿಕೆ ಇಲ್ಲ. ರಿಜಿಸ್ಟರ್ ತೆರೆದು ನನ್ನ ಲ್ಯಾಪ್‌ಟಾಪ್ ಪಕ್ಕ ಇಟ್ಟರು.

"ಸರ, ನೀವು ಓದಿದವರ ಇದ್ದೀರಿ. ಇದನ್ನೂ ಒಂದ್ಸಲ ಓದ್ರಿ. ಅವರದು ತಪ್ಪಿಲ್ರಿ."

ಓದಿದೆ. '7.00 – ಸ್ಯಾಂಪಲ್ ತೆಗೆದೆ.' ಕೆಳಗೆ, '7.10 – ಮಣ್ಣಿನ ಹಾಪರ್ ಜಾಮ್.' ಆಮೇಲೆ, '7.55 – ಜಾಮ್ ಬಿಟ್ಟಿತು.'

ಕಂಪ್ಯೂಟರ್‌ನಲ್ಲಿ ಏಳು ಗಂಟೆಯ ಸ್ಯಾಂಪಲ್ ಹುಡುಕಿದೆ. ಫಲಿತಾಂಶ 96. ಅದರ ಮುಂದೆ ಇದ್ದ ಸಮಯ 7.55. ಅದು ಸ್ಯಾಂಪಲ್ ತೆಗೆದ ಸಮಯ ಅಲ್ಲ, ಟೈಪ್ ಮಾಡಿದ ಸಮಯ. ನನ್ನ ಕೈ ತಣ್ಣಗಾಯ್ತು.

ಆಗಿದ್ದು ಇಷ್ಟು. ಏಳರ ಸ್ಯಾಂಪಲ್ ಆರರಿಂದ ಏಳರವರೆಗಿನ ಮಾಲಿನದು, ಜಾಮ್‌ಗೆ ಮುಂಚಿನದು, 96 ಸರಿಯಾಗೇ ಇತ್ತು. ನನ್ನ ಕೋಡ್ ಮಾತ್ರ ಅದನ್ನು 7.55ಕ್ಕೆ ಮುಂಚಿನ ಒಂದು ಗಂಟೆಯ ಮಾಲು ಅಂದುಕೊಂಡಿತು. ಆ ಗಂಟೆಯ ಬಹುಪಾಲು ಜಾಮ್ ಇತ್ತು, ಅನಲೈಸರ್ 101 ನೋಡ್ತಿತ್ತು. ಲ್ಯಾಬ್ 96 ಅನ್ನುತ್ತೆ, ಅನಲೈಸರ್ ಜಾಸ್ತಿ ಅನ್ನುತ್ತೆ, ಹಾಗಾದರೆ ಅನಲೈಸರ್ ಸುಮಾರು 3 ಪಾಯಿಂಟ್ ಹೆಚ್ಚು ತೋರಿಸ್ತಿದೆ ಅಂತ ತೀರ್ಮಾನಿಸಿ, ಅಲ್ಲಿಂದ ಮುಂದೆ ಪ್ರತಿ ಅಳತೆಯಿಂದಲೂ 3 ಕಳೆಯಿತು. ನಿಜವಾಗಿ 99 ಇದ್ದಾಗ ಸ್ಕ್ರೀನ್‌ನಲ್ಲಿ 96. ಹಸಿರು.

ಅನಲೈಸರ್ ಸರಿಯಾಗೇ ಇತ್ತು. ಲ್ಯಾಬ್ ಸರಿಯಾಗೇ ಇತ್ತು. ಎರಡು ಸತ್ಯಗಳನ್ನು ತಪ್ಪು ಗಡಿಯಾರಕ್ಕೆ ಕಟ್ಟಿ ಸುಳ್ಳು ಮಾಡಿದ್ದು ನಾನು. ಮಾಲು ಒಂದೇ ಸಮ ಬರುವಾಗ ಈ ತಪ್ಪು ಕಾಣ್ತಿರಲಿಲ್ಲ, ಏಕೆಂದರೆ ಒಂದು ಗಂಟೆ ಇನ್ನೊಂದರ ಹಾಗೇ ಇರ್ತಿತ್ತು. ಅದಕ್ಕೇ ಹತ್ತು ದಿನ ಚೆನ್ನಾಗಿ ನಡೆದಿದ್ದು.

ಎರಡನೇ ಮೇಲ್ ಬರೆಯೋಕೆ ನನಗೆ ಎರಡು ಗಂಟೆ ಹಿಡೀತು. ಬರೆದಿದ್ದು ನಾಲ್ಕು ಸಾಲು. ತಪ್ಪು ಎಲ್ಲಿ, ಅದನ್ನು ಬರೆದವರು ಯಾರು, ಲ್ಯಾಬ್‌ನವರು ಎರಡು ಸಲ ಎಚ್ಚರಿಸಿದ್ದರು, ನಾನು ಕೇಳಲಿಲ್ಲ. ಬೆಂಗಳೂರಿನಿಂದ ಬಂದ ಪ್ರತಿಕ್ರಿಯೆಯನ್ನು ಇಲ್ಲಿ ಬರೆಯಲ್ಲ. ಆ ವರ್ಷದ ಅಪ್ರೈಸಲ್‌ನಲ್ಲೂ ಅದರ ಬಿಸಿ ತಟ್ಟಿತು. ನೋಟಿಸ್ ವಾಪಸ್ ಆಯ್ತು. ಆದರೆ ಆ ಕೆಮಿಸ್ಟ್ ನನ್ನ ಜೊತೆ ಮತ್ತೆ ಕ್ಯಾಂಟೀನಿಗೆ ಬರೋಕೆ ಎರಡು ವಾರ ಬೇಕಾಯ್ತು.

ಏನು ಬದಲಾಯ್ತು, ಏನು ಆಗಲಿಲ್ಲ

ಸರಿಪಡಿಸೋದು ಕಷ್ಟ ಇರಲಿಲ್ಲ. ಸ್ಯಾಂಪಲ್ ತೆಗೆದ ಸಮಯ ಹಾಕದೆ ಫಲಿತಾಂಶ ಎಂಟ್ರಿ ಆಗದ ಹಾಗೆ ಮಾಡಿದೆ. ಆ ಗಂಟೆಯಲ್ಲಿ ಜಾಮ್ ಅಥವಾ ಏರುಪೇರು ಇದ್ದರೆ ಆ ಸ್ಯಾಂಪಲ್‌ನಿಂದ ತಿದ್ದುಪಡಿ ಬೇಡ ಅಂತ ಹಾಕಿದೆ. ಒಂದೇ ಸಲಕ್ಕೆ ಎಷ್ಟು ತಿದ್ದಬಹುದು ಅನ್ನೋದಕ್ಕೆ ಮಿತಿ ಇಟ್ಟೆ. ಲ್ಯಾಬ್ ಮತ್ತು ಸ್ಕ್ರೀನ್ ಸತತ ಎರಡು ಸಲ ಬೇರೆ ಬೇರೆ ಹೇಳಿದರೆ ಅಲಾರಂ. ಕೊನೆಯದಾಗಿ, ಆಪರೇಟರ್‌ಗೆ ಅನುಮಾನ ಬಂದರೆ ಯಾರನ್ನೂ ಕೇಳದೆ ಆಟೋ ತೆಗೆಯಬಹುದು. ಇದು ಕೋಡ್ ಅಲ್ಲ, ಗೋಡೆಗೆ ಅಂಟಿಸಿದ ಒಂದು ಹಾಳೆ. ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದಿದ್ದು ಅದೇ.

ಆಮೇಲೆ ವ್ಯವಸ್ಥೆ ನಿಜಕ್ಕೂ ಚೆನ್ನಾಗಿ ನಡೀತು. ಎಲ್‌ಎಸ್‌ಎಫ್ ಏರಿಳಿತ ಗ್ರಾಫ್ ನೋಡಿದರೆ ಕಣ್ಣಿಗೆ ಕಾಣುವಷ್ಟು ಇಳೀತು. ಕಿಲ್ನ್‌ನವರು ಭಯಕ್ಕೆ ಸುಡೋದನ್ನು ಬಿಟ್ಟರು. ನಿಮಿಷಕ್ಕೊಂದು ಅಳತೆ ದೊಡ್ಡ ಶಕ್ತಿ, ಅದನ್ನು ನಾನು ಈಗಲೂ ಹೇಳ್ತೀನಿ. ಆದರೆ ಅದು ಲ್ಯಾಬನ್ನು ಮನೆಗೆ ಕಳಿಸುವ ಯಂತ್ರ ಅಲ್ಲ. ವೇಗವಾಗಿ ಹೇಳೋನು ಒಬ್ಬ ಬೇಕು, ಸರಿಯಾಗಿದೆಯಾ ಅಂತ ಪರೀಕ್ಷಿಸೋನು ಇನ್ನೊಬ್ಬ ಬೇಕು. ಇಬ್ಬರೂ ಬೇರೆ ಬೇರೆ ಹೇಳಿದಾಗ ನಿಂತು ಕೇಳೋನು ಮೂರನೆಯವನು. ಆ ರಾತ್ರಿ ಆ ಮೂರನೆಯವನು ನಾನಾಗಬೇಕಿತ್ತು.

ಎಲ್ಲ ಸುಖಾಂತ್ಯ ಅಂತ ಹೇಳಿದರೆ ಸುಳ್ಳಾಗುತ್ತೆ. ನಾನು ವಾಪಸ್ ಬರುವ ಹೊತ್ತಿಗೆ ಸ್ಯಾಂಪಲ್ ಗಂಟೆಗೊಂದರಿಂದ ಎರಡು ಗಂಟೆಗೊಂದಕ್ಕೆ ಇಳಿದಿತ್ತು. ಮೂರು ಜನ ಸ್ಯಾಂಪಲ್ ತರುವವರಲ್ಲಿ ಇಬ್ಬರು ಉಳಿದರು. ಕಾಕಾ ಉಳಿದರು. ಇನ್ನೊಬ್ಬ ಹುಡುಗನನ್ನು ಪ್ಯಾಕಿಂಗ್ ಕಡೆಗೆ ಹಾಕಿದರು, ಅಲ್ಲಿ ಧೂಳು ಜಾಸ್ತಿ, ಭಾರ ಜಾಸ್ತಿ. 'ಮಾನವಶಕ್ತಿ ಉಳಿತಾಯ' ಅನ್ನೋ ಸ್ಲೈಡ್‌ಗೆ ಒಂದು ಮುಖ ಇದೆ ಅಂತ ಈಗ ನನಗೆ ಗೊತ್ತು. ಆಮೇಲೆ ಮಾಡಿದ ಪ್ರೆಸೆಂಟೇಶನ್‌ಗಳಲ್ಲಿ ಆ ಸಾಲನ್ನು ನಾನು ಬರೆದಿಲ್ಲ. ಅದರಿಂದ ಆ ಹುಡುಗನಿಗೆ ಏನೂ ಪ್ರಯೋಜನ ಆಗಿಲ್ಲ ಅನ್ನೋದೂ ಗೊತ್ತು.

ಅಮ್ಮನ ಪ್ರಶ್ನೆಗೆ ಉತ್ತರ

ಸರಿ, ಯಾವ ಸಿಮೆಂಟ್ ತಗೋಬೇಕು? ಅಮ್ಮನಿಗೆ ನಾನು ಕಂಪನಿ ಹೆಸರು ಹೇಳಲಿಲ್ಲ. ಮೂಟೆ ಓದು ಅಂದೆ.

ಮೂಟೆ ಮೇಲೆ ಐಎಸ್‌ಐ ಗುರುತು ಇರಬೇಕು. ಸಾದಾ ಸಿಮೆಂಟ್ ಅಂದರೆ ಓಪಿಸಿಗೆ ಐಎಸ್ 269, ಹಾರುಬೂದಿ ಬೆರೆಸಿದ ಪಿಪಿಸಿಗೆ ಐಎಸ್ 1489, ಸ್ಲ್ಯಾಗ್ ಸಿಮೆಂಟಿಗೆ ಐಎಸ್ 455. ಪಿಪಿಸಿ ಅಂದ್ರೆ ಕಲಬೆರಕೆ ಅಲ್ಲ. 15ರಿಂದ 35 ಪರ್ಸೆಂಟ್ ಹಾರುಬೂದಿ ಸೇರಿಸೋಕೆ ನಿಯಮವೇ ಒಪ್ಪುತ್ತೆ, ಮನೆ ಕಟ್ಟೋಕೆ ಧಾರಾಳವಾಗಿ ಬಳಸ್ತಾರೆ. ಆಮೇಲೆ ಮೂಟೆಯ ಮೇಲೆ ಅದು ತಯಾರಾದ ವಾರ ಮತ್ತು ವರ್ಷ ಅಚ್ಚಾಗಿರುತ್ತೆ, ಅದನ್ನು ನೋಡಬೇಕು. ಮೂರು ತಿಂಗಳಿಗಿಂತ ಹಳೆಯದಾದರೆ ಪರೀಕ್ಷೆ ಮಾಡಿಸದೆ ಬಳಸಬಾರದು. ಗಂಟುಗಟ್ಟಿದ್ದರೆ ಬೇಡವೇ ಬೇಡ. ನೆಲದ ತೇವ ತಾಗದ ಹಾಗೆ ಹಲಗೆ ಮೇಲೆ, ಗೋಡೆಯಿಂದ ದೂರ ಜೋಡಿಸಬೇಕು.

ಇಷ್ಟೆಲ್ಲ ನೋಡಿ ತಂದರೂ ಕೊನೆಯ ಕ್ವಾಲಿಟಿ ಕಂಟ್ರೋಲ್ ನಮ್ಮ ಮನೆಯಲ್ಲೇ. ನೀರು ಹಾಕಿ ನೆನೆಸೋದು. ಕಾಂಕ್ರೀಟಿಗೆ ಓಪಿಸಿ ಆದರೆ ಕನಿಷ್ಠ 7 ದಿನ, ಪಿಪಿಸಿ ಅಥವಾ ಸ್ಲ್ಯಾಗ್ ಆದರೆ ಕನಿಷ್ಠ 10 ದಿನ ಒಣಗದ ಹಾಗೆ ನೋಡ್ಕೋಬೇಕು. ಫ್ಯಾಕ್ಟರಿಯವರು ನಿಮಿಷ ನಿಮಿಷಕ್ಕೆ ಅಳೆದು ಕಳಿಸಿದ್ದನ್ನು ನಾವು ಮೂರು ದಿನ ನೀರು ಹಾಕಿ ಕೈಬಿಟ್ಟರೆ ಯಾರ ತಪ್ಪು?

ಹೋದ ವಾರ ಊರಿಗೆ ಹೋಗಿದ್ದೆ. ಮೆಟ್ಟಿಲ ಪಕ್ಕ ಹಾಲಿನ ಲೆಕ್ಕದ ಹಳೇ ನೋಟ್‌ಬುಕ್ ದಾರದಲ್ಲಿ ನೇತಾಡ್ತಿತ್ತು. ಅಮ್ಮ ಅದರಲ್ಲಿ ಬರೆದಿದ್ದಳು: ಎಷ್ಟು ಮೂಟೆ, ಯಾವ ವಾರದ್ದು, ಸೆಂಟ್ರಿಂಗ್ ಮೇಲೆ ಕಾಂಕ್ರೀಟ್ ಬಿದ್ದ ದಿನ, ದಿನಕ್ಕೆ ಎಷ್ಟು ಹೊತ್ತಿಗೆ ನೀರು ಬಿಟ್ಟಿದ್ದು. ಒಂದು ಕಡೆ '2.30 – ಕರೆಂಟ್ ಇಲ್ಲ, ಮೋಟರ್ ಆಗಲಿಲ್ಲ, 5ಕ್ಕೆ ಬಿಟ್ಟೆ' ಅಂತ ಇತ್ತು.

"ಇದ್ಯಾಕಮ್ಮ ಇಷ್ಟೆಲ್ಲ ಬರೆದಿದೀಯ?" ಅಂದೆ.

"ಮೇಸ್ತ್ರಿ ಕೇಳಿದ್ರೆ ಹೇಳೋಕೆ ಬೇಡವೇನೋ?" ಅಂದಳು.

ಫೋಟೋ ತೆಗೆದು ಕಾಕಾಗೆ ವಾಟ್ಸ್‌ಆ್ಯಪ್ ಮಾಡಿದೆ. ಅವರಿಂದ ಬಂದ ಉತ್ತರ ಒಂದೇ ಸಾಲು: "ತಾಯಿಯವರಿಗೆ ನಮಸ್ಕಾರ ಹೇಳ್ರಿ ಸರ."